ಮನೆಯ ವಿಸ್ತರಣೆ ಮತ್ತು ಕಾಯಿದೆಯ ಮಿತಿ

ಮಗನ ಮದುವೆ ನಿಶ್ಚಯವಾದೊಡನೆ, ಸ್ವಂತ ಮನೆಯುಳ್ಳ ಗೃಹಸ್ಥನಿಗೆ ಇನ್ನೊಂದು ಕೋಣೆ ಕಟ್ಟಿಸುವ ಯೋಚನೆ ಮೂಡುವುದು ಸಹಜ. ಆದರೆ ನಿವೇಶನ ತನ್ನದಾದ ಮಾತ್ರಕ್ಕೆ ಕಟ್ಟುವ ಹಕ್ಕು ಅಪರಿಮಿತವಲ್ಲ.

ಮಹಾರಾಷ್ಟ್ರದ 1966ರ ಪ್ರಾದೇಶಿಕ ಮತ್ತು ನಗರ ಯೋಜನಾ ಕಾಯಿದೆಯ ಪ್ರಕಾರ, ಕಟ್ಟಡದ ಹೊರರೂಪವನ್ನು ಬದಲಿಸದ ಒಳದುರಸ್ತಿಗಳಿಗೆ ಸಾಮಾನ್ಯವಾಗಿ ಅನುಮತಿ ಬೇಡ. ಹೊಸ ಕೋಣೆಗೆ, ಮೇಲಂತಸ್ತಿಗೆ ಅದು ಅನಿವಾರ್ಯ. ಮೊದಲು ನೋಡತಕ್ಕದ್ದು ನಿವೇಶನಕ್ಕೂ ಕಟ್ಟಬಹುದಾದ ಒಟ್ಟು ವಿಸ್ತೀರ್ಣಕ್ಕೂ ಇರುವ ಪ್ರಮಾಣ, ಅಂದರೆ ಎಫ್.ಎಸ್.ಐ. 200 ಚದರ ಮೀಟರ್ ನಿವೇಶನಕ್ಕೆ ಈ ಪ್ರಮಾಣ 1 ಇದ್ದು, 150 ಚದರ ಮೀಟರ್ ಈಗಾಗಲೇ ಕಟ್ಟಿದ್ದರೆ, ಉಳಿಯುವುದು 50 ಮಾತ್ರ. ಅಷ್ಟು ಉಳಿದಿದ್ದರೂ ಮನೆಯ ಸುತ್ತ ಬಿಡಬೇಕಾದ ತೆರಪನ್ನು ಮುಚ್ಚುವಂತಿಲ್ಲ. ತನಗೂ ನೆರೆಯವರಿಗೂ ಗಾಳಿ, ಬೆಳಕು ದೊರೆಯಬೇಕೆಂಬುದೇ ಇದರ ಉದ್ದೇಶ. ಆರೋಗ್ಯಕ್ಕೂ ಅದೇ ಆಧಾರ.

ಅನುಮತಿ ನಿರಾಕರಿಸಲ್ಪಟ್ಟರೆ 40 ದಿನಗಳೊಳಗೆ ರಾಜ್ಯ ಸರಕಾರಕ್ಕೆ ಮೇಲ್ಮನವಿ ಸಲ್ಲಿಸಲು ಅವಕಾಶವುಂಟು.

ಅನುಮತಿಯಿಲ್ಲದೆ ಕಟ್ಟಿದ ಭಾಗವನ್ನು ಕೆಡವಲು ನೋಟೀಸು ಬರಬಹುದು. ಮಂಜೂರಾದ ನಕ್ಷೆಯಿಲ್ಲದ ಕಟ್ಟಡಕ್ಕೆ ಬ್ಯಾಂಕಿನ ಸಾಲವೂ ದುರ್ಲಭ. ಭವಿಷ್ಯನಿಧಿಯ ಹಣವನ್ನು ಅಂಥ ಗೋಡೆಗೆ ಸುರಿದವನಿಗೆ ಕೊನೆಗೆ ಗೋಡೆಯೂ ಇಲ್ಲ, ಹಣವೂ ಇಲ್ಲ. ಆದ್ದರಿಂದ ಇಟ್ಟಿಗೆ ತರಿಸುವ ಮುನ್ನ ನಕ್ಷೆ ಬರೆಯಿಸುವುದು ಲೇಸು.