ಕಾಲಳತೆಯ ಬಾಣ, ಕನ್ನಡದ ಗಣಿತ
ಗಡಿಯ ಕನ್ನಡ ಶಾಲೆಯಲ್ಲಿ ಗಣಿತ ಕಷ್ಟವಾಗುವುದು ಲೆಕ್ಕದಿಂದಲ್ಲ, ಪದದಿಂದ. 'ಅನುಪಾತ' ಎಂದರೆ ಮಕ್ಕಳು ಸುಮ್ಮನಾಗುತ್ತಾರೆ. ಟ್ಯೂಷನ್ನಿನಲ್ಲಿ ಕೇಳಿದ್ದು ತಮಿಳಿನ 'ವಿಗಿದಂ'.

ನಾನು ಹಿಡಿದ ದಾರಿ ಮೈಸೂರಿನ ಬಾಣ. 1780ರಲ್ಲಿ ಕಾಂಚೀಪುರದ ಬಳಿಯ ಪೊಳ್ಳಿಲೂರಿನಲ್ಲಿ ಹೈದರ್, ಟಿಪ್ಪು ಸೈನ್ಯ ಇಂಗ್ಲಿಷರ ಮೇಲೆ ಹಾರಿಸಿದ ರಾಕೆಟ್ ಅದು. ಕಬ್ಬಿಣದ ಕೊಳವೆ ಸುಮಾರು 20 ಸೆಂ.ಮೀ., ಅದಕ್ಕೆ ಕಟ್ಟಿದ ಬಿದಿರು ಸುಮಾರು 120. ನಾಲ್ಕರಲ್ಲೊಂದು ಅಳತೆಗೆ ಇಳಿಸಿದರೆ 5 ಮತ್ತು 30. ಪೆನ್ಸಿಲಿಗೆ ಹಳೆ ಕಾಗದ ಸುತ್ತಿದರೆ ಕೊಳವೆ, ಹಂಚಿಕಡ್ಡಿಯೇ ಬಿದಿರು. ಮದ್ದಿಲ್ಲ, ಬೆಂಕಿಯಿಲ್ಲ.

ಆಮೇಲೆ ಮದ್ದುಗುಂಡಿನ ಪೆಟ್ಟಿಗೆ, ರಟ್ಟಿನದು. ಎಲ್ಲ ಕಡೆಯೂ 40 ಸೆಂ.ಮೀ. ಇರುವ ಪೆಟ್ಟಿಗೆಗೆ 10 ಸೆಂ.ಮೀ. ಮಾದರಿ. "ದೊಡ್ಡದರಲ್ಲಿ ಚಿಕ್ಕವು ಎಷ್ಟು ಹಿಡಿಸುತ್ತವೆ?" ಎಂದರೆ ಎಲ್ಲರೂ "ನಾಲ್ಕು ಸಾರ್". ಜೋಡಿಸಿ ನೋಡಿದರೆ ತಳದಲ್ಲೇ 16. ಮೇಲೆ ಇನ್ನೂ ಮೂರು ಅಂತಸ್ತು, ಒಟ್ಟು 64. 'ಘನಫಲ' ಅಂದು ತಲೆಗೆ ಹತ್ತಿತು.

ಅದೇ ವಾರ ಒಬ್ಬ ತಂದೆ, ಕನ್ನಡದಲ್ಲಿ ಗಣಿತ ಬರುವುದಿಲ್ಲವೆಂದು ಮಗಳ ಟಿ.ಸಿ. ಕೇಳಲು ಬಂದರು. ಹುಡುಗಿ ಪೆಟ್ಟಿಗೆ ತಂದು ಅಪ್ಪನಿಗೇ 64ರ ಲೆಕ್ಕ ಬಿಡಿಸಿ ಹೇಳಿದಳು. ಅವರು ಅರ್ಜಿಯನ್ನು ಮಡಚಿ ಜೇಬಿಗಿಟ್ಟುಕೊಂಡು ಹೋದರು.