ಬೆಳಕನ್ನು ಅಳೆದು ಬಾಗಿಸುವ ಕಸುಬು

ಕನ್ನಡಕ ತಯಾರಿಕೆಯು ಬೆಳಕಿನ ಒಂದೇ ಗುಣವನ್ನು ನಂಬಿ ನಿಂತಿರುವ ಕಸುಬು. ಗಾಳಿಯಲ್ಲಿ ಸಾಗುತ್ತಿರುವ ಬೆಳಕು ಗಾಜನ್ನೋ ನೀರನ್ನೋ ಓರೆಯಾಗಿ ಹೊಕ್ಕಾಗ ಅದರ ವೇಗ ತಗ್ಗಿ ದಿಕ್ಕು ಬದಲಾಗುತ್ತದೆ, ಇದೇ ವಕ್ರೀಭವನ. ನಿರ್ವಾತದಲ್ಲಿರುವುದಕ್ಕಿಂತ ಎಷ್ಟು ಪಟ್ಟು ಕಡಿಮೆ ವೇಗದಲ್ಲಿ ಬೆಳಕು ಒಂದು ಪದಾರ್ಥದೊಳಗೆ ಸಾಗುತ್ತದೆಂಬುದನ್ನು ಹೇಳುವ ಸಂಖ್ಯೆಗೆ ವಕ್ರೀಭವನ ಸೂಚ್ಯಂಕವೆಂದು ಹೆಸರು. ನೀರಿಗೆ ಅದು 1.33, ಕನ್ನಡಕಕ್ಕೆ ಬಹುಕಾಲ ಬಳಕೆಯಾದ ಕ್ರೌನ್ ಗಾಜಿಗೆ 1.523. ಬೆಳಕು ಬಾಗುವ ನಿಯಮವನ್ನು 10ನೆಯ ಶತಮಾನದಲ್ಲಿ ಬಾಗ್ದಾದಿನ ಇಬ್ನ್ ಸಹ್ಲ್ ಮತ್ತು 1621ರಲ್ಲಿ ನೆದರ್ಲೆಂಡಿನ ಸ್ನೆಲ್ ಕಂಡುಕೊಂಡರಾದರೂ, 13ನೆಯ ಶತಮಾನದ ಕೊನೆಗೇ ಇಟಲಿಯಲ್ಲಿ ಕನ್ನಡಕ ಮಾಡತೊಡಗಿದ್ದ ಕುಶಲಕರ್ಮಿಗಳು ಸೂತ್ರದ ಹಂಗಿಲ್ಲದೆ ಉಜ್ಜಿ, ಕಣ್ಣಿಗಿಟ್ಟು ನೋಡಿ, ಮತ್ತೆ ಉಜ್ಜಿ ಕೆಲಸ ಸಾಧಿಸಿದ್ದರು.

ಕಣ್ಣು ಸಹ ವಕ್ರೀಭವನದ ಉಪಕರಣವೇ. ಮಸೂರವೊಂದು ಸಮಾಂತರ ಕಿರಣಗಳನ್ನು ಒಂದು ಮೀಟರ್ ದೂರದಲ್ಲಿ ಕೂಡಿಸಿದರೆ ಅದರ ಶಕ್ತಿ 1 ಡಯಾಪ್ಟರ್, ಅರ್ಧ ಮೀಟರಿನಲ್ಲಿ ಕೂಡಿಸಿದರೆ 2. ಈ ಅಳತೆಯಲ್ಲಿ ಕಣ್ಣಿನ ಒಟ್ಟು ಶಕ್ತಿ ಸುಮಾರು 60 ಡಯಾಪ್ಟರ್. ಅದರಲ್ಲಿ ಮೂರನೆಯ ಎರಡು ಪಾಲು ಒಳಗಿನ ಮಸೂರದ್ದಲ್ಲ, ಮುಂಭಾಗದ ಪಾರದರ್ಶಕ ಪೊರೆಯಾದ ಕಾರ್ನಿಯಾದ್ದು. ಈಜುವವರಿಗೆ ನೀರಿನೊಳಗೆ ಎಲ್ಲವೂ ಮಸಕಾಗಿ ಕಾಣಲು ಇದೇ ಕಾರಣ: ಕಾರ್ನಿಯಾದ ಸೂಚ್ಯಂಕ 1.376, ನೀರಿನದು 1.33 ಆದುದರಿಂದ ಅಲ್ಲಿ ಬೆಳಕು ಬಾಗುವುದು ತೀರ ಕಡಿಮೆ. ಇಷ್ಟು ನಾಜೂಕಾದ ಹೊಂದಾಣಿಕೆಯಲ್ಲಿ ಕಣ್ಣುಗುಡ್ಡೆ ಒಂದು ಮಿಲಿಮೀಟರ್ ಉದ್ದವಾದರೂ ಎರಡೂವರೆಯಿಂದ ಮೂರು ಡಯಾಪ್ಟರಿನಷ್ಟು ಸಮೀಪ ದೃಷ್ಟಿ ದೋಷ ಉಂಟಾಗುತ್ತದೆ.

ಈ ದೋಷವನ್ನು ಅಳೆಯುವ ವಿಧಾನಗಳಲ್ಲಿ ರೆಟಿನೋಸ್ಕೋಪ್ ಪರೀಕ್ಷೆಯು ವಿಶೇಷ ಗಮನಕ್ಕೆ ಯೋಗ್ಯವಾದುದು. ಮಬ್ಬುಗತ್ತಲೆಯ ಕೋಣೆಯಲ್ಲಿ ಪರೀಕ್ಷಕರು ಕಣ್ಣಿನೊಳಗೆ ಬೆಳಕಿನ ಸಣ್ಣ ಪಟ್ಟಿಯನ್ನು ಹಾಯಿಸಿ ಅತ್ತಿತ್ತ ಸರಿಸುತ್ತಾರೆ; ಪಾಪೆಯಲ್ಲಿ ತೋರುವ ಕೆಂಪು ಹೊಳಪು ಪಟ್ಟಿಯ ಜೊತೆಗೇ ಚಲಿಸಿದರೆ ಪ್ಲಸ್, ಎದುರು ದಿಕ್ಕಿಗೆ ಚಲಿಸಿದರೆ ಮೈನಸ್ ಮಸೂರಗಳನ್ನು ಒಂದೊಂದಾಗಿ ಇಟ್ಟು, ಚಲನೆ ನಿಂತು ಪಾಪೆಯಿಡೀ ಒಮ್ಮೆಗೇ ಬೆಳಗುವವರೆಗೆ ಬದಲಿಸುತ್ತಾ ಹೋಗುತ್ತಾರೆ. ತಾವು ಕುಳಿತ ದೂರಕ್ಕೆ ತಕ್ಕಂತೆ, 66 ಸೆಂಟಿಮೀಟರಿಗಾದರೆ ಒಂದೂವರೆ ಡಯಾಪ್ಟರ್ ಕಳೆದರೆ, ಉಳಿದುದೇ ಕಣ್ಣಿನ ಪವರ್. ಅಕ್ಷರ ಬಾರದ ಮಗುವಿನಿಂದಲೂ ಮಾತನಾಡಲಾಗದ ರೋಗಿಯಿಂದಲೂ ಇದಕ್ಕೆ ಉತ್ತರ ದೊರೆಯುತ್ತದೆ. ಪವರನ್ನು ತಾನಾಗಿಯೇ ಅಳೆಯುವ ಯಂತ್ರ ಮುದ್ರಿಸಿಕೊಡುವ ಚೀಟಿಯಿಂದ ಪರೀಕ್ಷೆ ಆರಂಭವಾಗಬಹುದೇ ಹೊರತು ಅಲ್ಲಿಗೇ ಮುಗಿಯಬಾರದು.

ಮಸೂರ ತಯಾರಿಸುವವರ ಕೈಯಲ್ಲಿರುವುದು ಎರಡೇ ಸಂಗತಿ, ಪದಾರ್ಥದ ಸೂಚ್ಯಂಕ ಮತ್ತು ಮೇಲ್ಮೈಯ ಬಾಗು. ಒಂದು ಬದಿ ಚಪ್ಪಟೆಯಿರುವ 2 ಡಯಾಪ್ಟರಿನ ಪೀನ ಮಸೂರವನ್ನು 1.5 ಸೂಚ್ಯಂಕದ ಪ್ಲಾಸ್ಟಿಕ್ಕಿನಲ್ಲಿ ಮಾಡಲು ಇನ್ನೊಂದು ಬದಿಯ ಬಾಗಿನ ತ್ರಿಜ್ಯ 25 ಸೆಂಟಿಮೀಟರ್ ಇರಬೇಕು, 1.67ರ ಪದಾರ್ಥವಾದರೆ 33.5 ಸೆಂಟಿಮೀಟರ್, ಅಂದರೆ ಬಾಗು ಕಡಿಮೆ, ಮಸೂರವೂ ತೆಳು. ಕಾರ್ಖಾನೆಯಿಂದ ಮುಂಬದಿ ಸಿದ್ಧವಾಗಿ ಬಂದ ದಪ್ಪ ಬಿಲ್ಲೆಯ ಹಿಂಬದಿಯನ್ನು ಈ ಲೆಕ್ಕಕ್ಕೆ ಕೊರೆದು, ಸಾಣೆಯಿಂದ ನಯಗೊಳಿಸಿ, ಕೊನೆಗೆ ಹೊಳಪು ಕೊಡುತ್ತಾರೆ. ಆದರೆ ತೆಳುವಾದುದೆಲ್ಲ ಮೇಲಲ್ಲ: ಪಾಲಿಕಾರ್ಬೊನೇಟಿನಂಥ ಪದಾರ್ಥಗಳು ಬೇರೆ ಬೇರೆ ಬಣ್ಣಗಳನ್ನು ಹೆಚ್ಚು ಭಿನ್ನವಾಗಿ ಬಾಗಿಸುವುದರಿಂದ ಮಸೂರದ ಅಂಚಿನ ಮೂಲಕ ನೋಡಿದಾಗ ವಸ್ತುಗಳ ಸುತ್ತ ಬಣ್ಣದ ಗೆರೆ ಕಾಣಿಸಬಹುದು. ಒಂದು ದಿಕ್ಕಿಗೆ ಹೆಚ್ಚು, ಅದಕ್ಕೆ ಅಡ್ಡಲಾಗಿ ಕಡಿಮೆ ಬಾಗಿರುವ ಕಾರ್ನಿಯಾಕ್ಕೆ ಸಿಲಿಂಡರ್ ಮಸೂರ ಬೇಕು. ಖಗೋಳಜ್ಞ ಜಾರ್ಜ್ ಏರಿ ತಮ್ಮದೇ ಎಡಗಣ್ಣಿಗಾಗಿ ಯೋಜಿಸಿದ ಇಂಥ ಮಸೂರವನ್ನು 1825ರಲ್ಲಿ ವಿವರಿಸಿದ್ದರು.

ನುರಿತ ಕನ್ನಡಕದವರು ಯಂತ್ರವಿಲ್ಲದೆಯೂ ಮಸೂರದ ಗುಣವನ್ನು ಗುರುತಿಸಬಲ್ಲರು. ಅದನ್ನು ಕೈಯಳತೆಯ ದೂರದಲ್ಲಿ ಹಿಡಿದು, ಅದರ ಮೂಲಕ ಬಾಗಿಲ ಚೌಕಟ್ಟಿನ ನೇರ ಅಂಚನ್ನು ನೋಡುತ್ತಾ ಬಲಕ್ಕೆ ಸರಿಸಿದಾಗ, ಒಳಗೆ ಕಾಣುವ ಗೆರೆಯೂ ಬಲಕ್ಕೆ ಸರಿದರೆ ಮೈನಸ್, ಎಡಕ್ಕೆ ಸರಿದರೆ ಪ್ಲಸ್, ಮಸೂರವನ್ನು ತಿರುಗಿಸಿದಾಗ ಗೆರೆ ಓರೆಯಾದರೆ ಸಿಲಿಂಡರ್. ವಿರುದ್ಧ ಶಕ್ತಿಯ ಮಸೂರವನ್ನು ಅದಕ್ಕೆ ತಾಗಿಸಿಟ್ಟು ಗೆರೆ ಅಲುಗದಂತಾದಾಗ ಪವರ್ ತಿಳಿಯುತ್ತದೆ.

ಪವರ್ ಸರಿಯಿದ್ದರೂ ಕೆಲಸ ಕೆಡುವುದು ಜೋಡಣೆಯಲ್ಲಿ. ಮಸೂರದ ಕೇಂದ್ರವು ಪಾಪೆಯ ನೇರಕ್ಕೆ ಬರದಿದ್ದರೆ ಬೆಳಕು ಪಟ್ಟಕದಲ್ಲಿ ಬಾಗುವಂತೆಯೇ ಪಕ್ಕಕ್ಕೆ ಬಾಗುತ್ತದೆ: 5 ಡಯಾಪ್ಟರಿನ ಮಸೂರ 4 ಮಿಲಿಮೀಟರ್ ಜರುಗಿದರೆ ಒಂದು ಮೀಟರ್ ದೂರದಲ್ಲಿ ಬಿಂಬ 2 ಸೆಂಟಿಮೀಟರ್ ಸರಿದಂತಾಗಿ, ಎರಡೂ ಕಣ್ಣುಗಳ ಬಿಂಬಗಳನ್ನು ಒಂದಾಗಿಸಲು ಸ್ನಾಯುಗಳು ದಿನವಿಡೀ ಶ್ರಮಿಸಬೇಕಾಗಿ ತಲೆನೋವು ಬರುತ್ತದೆ. ಎರಡು ಪಾಪೆಗಳ ನಡುವಿನ ಅಂತರವನ್ನು ಅಳೆಯದೆ ಕೊಂಡ ಸಿದ್ಧ ಚಾಳೀಸಿನಲ್ಲಿ ಎರಡೂ ಕಣ್ಣಿಗೆ ಒಂದೇ ಪವರ್ ಇರುತ್ತದೆ, ಸಿಲಿಂಡರ್ ಇರುವುದಿಲ್ಲ, ಕೇಂದ್ರವೂ ಯಾರದೋ ಸರಾಸರಿ ಮುಖಕ್ಕೆ ಹೊಂದುವಂಥದು. ಪತ್ರಿಕೆಯ ನಾಲ್ಕು ಸಾಲು ಓದಲು ಅದು ಸಾಕಾದೀತು, ದಿನವಿಡೀ ಹೊಲಿಗೆಯಲ್ಲಿ ತೊಡಗಿದವರಿಗೆ ಸಾಲದು.