ಬಿ.ಎಚ್. ರಸ್ತೆಗೆ ಬಂದ ಸಲಾಮಿ

ಭಾನುವಾರ ಬೆಳಿಗ್ಗೆ ಶಿವಮೊಗ್ಗದ ಯಾವ ಬಡಾವಣೆಗೆ ಹೋದರೂ ಮಟನ್ ಅಂಗಡಿ, ಕೋಳಿ ಅಂಗಡಿಗಳ ಮುಂದೆ ಜನ ನಿಂತಿರುತ್ತಾರೆ. ತೊಡೆ ಭಾಗ ಬೇಕು, ಕೊಬ್ಬು ಕಮ್ಮಿ ಹಾಕಿ, ಸ್ವಲ್ಪ ಲಿವರ್ ಸೇರಿಸಿ ಎಂದು ಹೇಳಿ ಕಣ್ಣೆದುರೇ ಕತ್ತರಿಸಿಕೊಂಡು ಹೋಗುವುದು ಇಲ್ಲಿನ ರೂಢಿ. ಹದಿನೆಂಟಿಪ್ಪತ್ತು ಕಿಲೋಮೀಟರ್ ಆಚೆಯ ಭದ್ರಾವತಿಯಲ್ಲೂ ಅದೇ. ಮಧ್ಯಾಹ್ನದ ಹೊತ್ತಿಗೆ ಎರಡೂ ಊರುಗಳ ಅಡುಗೆಮನೆಗಳಲ್ಲಿ ಸಾರು ಕುದಿಯುತ್ತಿರುತ್ತದೆ. ಜತೆಗೆ ಅಕ್ಕಿ ರೊಟ್ಟಿಯೋ ಕಡುಬೋ ಮುದ್ದೆಯೋ.

ಈಚಿನ ವರ್ಷಗಳಲ್ಲಿ ಇದೇ ಊರುಗಳಿಗೆ ಇನ್ನೊಂದು ಬಗೆಯ ಮಾಂಸ ಬಂದಿದೆ. ಬೆಂಗಳೂರಿನಿಂದ ಭದ್ರಾವತಿ, ಶಿವಮೊಗ್ಗ ಹಾದು ಹೊನ್ನಾವರಕ್ಕೆ ಹೋಗುವ ಹೆದ್ದಾರಿ ಊರವರ ಬಾಯಲ್ಲಿ ಬಿ.ಎಚ್. ರಸ್ತೆ. ಕರಾವಳಿಯ ಬಂಗುಡೆ, ಬೂತಾಯಿ ಘಟ್ಟ ಹತ್ತಿ ಬರುವುದು ಈ ದಾರಿಯಲ್ಲೇ. ಬೆಂಗಳೂರಿನ ಕಡೆಯಿಂದ ಚಿಕನ್ ಸಾಸೇಜ್, ಸಲಾಮಿ ಬರುವುದೂ ಈ ದಾರಿಯಲ್ಲೇ. ಬೆಂಗಳೂರಿನ ದಂಡು ಪ್ರದೇಶಕ್ಕೆ ಹ್ಯಾಮ್, ಬೇಕನ್ ಬ್ರಿಟಿಷರ ಕಾಲದಿಂದ ಪರಿಚಿತ. ಮಲೆನಾಡಿನ ಊರುಗಳಿಗೆ ಅದು ಹೊಸದು. ಸೂಪರ್‌ಮಾರ್ಕೆಟ್ಟಿನ ಫ್ರೀಜರ್‌ನಿಂದ ತೆಗೆದು, ಎರಡು ನಿಮಿಷ ಬಾಣಲೆಯಲ್ಲಿ ಹೊರಳಿಸಿ, ಬ್ರೆಡ್ಡಿನ ನಡುವೆ ಇಟ್ಟರೆ ಮಗುವಿನ ಟಿಫಿನ್ ಡಬ್ಬಿ ತಯಾರು. ಗಂಡ ಹೆಂಡತಿ ಇಬ್ಬರೂ ಬೆಳಿಗ್ಗೆ ಎಂಟಕ್ಕೆ ಮನೆ ಬಿಡುವ ಸಂಸಾರಕ್ಕೆ, ಬಾಡಿಗೆ ಕೋಣೆಯಲ್ಲಿರುವ ಕಾಲೇಜು ಹುಡುಗರಿಗೆ ಇದು ಎಷ್ಟು ಅನುಕೂಲವೆಂದು ವಿವರಿಸಬೇಕಿಲ್ಲ.

ಆದರೆ ಇದನ್ನು ಆರೋಗ್ಯಕರ ಊಟದೊಳಗೆ ಸೇರಿಸಬಹುದೇ? ಅಪರೂಪಕ್ಕಾದರೆ ತೊಂದರೆಯಿಲ್ಲ, ನಿತ್ಯದ ಊಟವಾಗಿ ಖಂಡಿತ ಸಲ್ಲದು. ಇಷ್ಟು ಖಚಿತವಾಗಿ ಹೇಳಲು ಕಾರಣಗಳಿವೆ.

ಮೊದಲು ಯಾವುದು ಸಂಸ್ಕರಿಸಿದ ಮಾಂಸ, ಯಾವುದು ಅಲ್ಲ ಎಂಬುದು ಸ್ಪಷ್ಟವಾಗಬೇಕು. ಕತ್ತರಿಸುವುದು, ಕೊಚ್ಚಿ ಖೀಮಾ ಮಾಡುವುದು, ಮಸಾಲೆ ಹಚ್ಚಿಡುವುದು, ಫ್ರಿಜ್ಜಿನಲ್ಲಿಡುವುದು ಸಂಸ್ಕರಣೆ ಅಲ್ಲ. ಬಾಳಿಕೆಗೋ ರುಚಿಗೋ ಉಪ್ಪಿನಲ್ಲಿ ಹದಗೊಳಿಸಿದ, ಹುದುಗಿಸಿದ, ಹೊಗೆ ಹಾಕಿದ ಮಾಂಸವನ್ನು ವಿಜ್ಞಾನಿಗಳು ಈ ಹೆಸರಿನಿಂದ ಕರೆಯುತ್ತಾರೆ. ಸಾಸೇಜ್, ಸಲಾಮಿ, ಹ್ಯಾಮ್, ಬೇಕನ್, ಪೆಪ್ಪೆರೋನಿ ಎಲ್ಲವೂ ಇದರಲ್ಲಿ ಬರುತ್ತವೆ. ಕುರಿ, ಹಂದಿ, ಕೋಳಿ ಎಂಬ ಭೇದ ಇಲ್ಲಿಲ್ಲ. ಚಿಕನ್ ಎಂದು ಬರೆದಿದ್ದ ಮಾತ್ರಕ್ಕೆ ಸಲಾಮಿ ಹಗುರ ಆಹಾರವಾಗುವುದಿಲ್ಲ, ಆದರೆ ನಮ್ಮ ಕಡೆ ಅನೇಕರು ಹಾಗೆಂದೇ ನಂಬಿ ಕೊಳ್ಳುತ್ತಾರೆ.

ಸಲಾಮಿಯ ಬಿಲ್ಲೆ ಬೆಂದ ಮೇಲೂ ಗುಲಾಬಿ ಬಣ್ಣದಲ್ಲೇ ಇರುತ್ತದೆ. ಮನೆಯಲ್ಲಿ ಬೇಯಿಸಿದ ಮಟನ್ ಕಂದು ಬಣ್ಣಕ್ಕೆ ತಿರುಗುತ್ತದೆ. ಈ ವ್ಯತ್ಯಾಸಕ್ಕೆ ಕಾರಣ ಸೋಡಿಯಂ ನೈಟ್ರೈಟ್ ಎಂಬ ಲವಣ. ಅದು ಮಾಂಸದ ಕೆಂಬಣ್ಣದ ಪ್ರೋಟೀನಿನೊಂದಿಗೆ ಸೇರಿ ಆ ಗುಲಾಬಿಯನ್ನು ಹಿಡಿದಿಡುತ್ತದೆ. ಅದಕ್ಕಿಂತ ದೊಡ್ಡ ಕೆಲಸವೊಂದನ್ನೂ ಮಾಡುತ್ತದೆ: ಗಾಳಿಯಿಲ್ಲದ ಪೊಟ್ಟಣದೊಳಗೆ ಬೆಳೆದು ಮಾರಕ ವಿಷ ಉತ್ಪಾದಿಸುವ ಕ್ಲಾಸ್ಟ್ರಿಡಿಯಂ ಬಾಟುಲಿನಂ ಎಂಬ ಬ್ಯಾಕ್ಟೀರಿಯಾವನ್ನು ತಡೆಯುತ್ತದೆ. ಹತ್ತೊಂಬತ್ತನೇ ಶತಮಾನದ ಆರಂಭದಲ್ಲಿ ಜರ್ಮನಿಯ ವುರ್ಟೆಂಬರ್ಗ್ ಸೀಮೆಯಲ್ಲಿ ಹಳಸಿದ ಸಾಸೇಜ್ ತಿಂದು ಜನ ಸಾಯುತ್ತಿದ್ದುದನ್ನು ಯುಸ್ಟಿನಸ್ ಕೆರ್ನರ್ ಎಂಬ ವೈದ್ಯ ಅಧ್ಯಯನ ಮಾಡಿ ಬರೆದಿಟ್ಟ. ಹಾಗಾಗಿ ನೈಟ್ರೈಟನ್ನು ಕೇವಲ ಕಲಬೆರಕೆಯೆಂದು ಬೈಯುವುದು ನ್ಯಾಯವಲ್ಲ. ತೊಡಕು ಶುರುವಾಗುವುದು ಅದು ಹೊಟ್ಟೆಗೆ ಹೋದ ಮೇಲೆ. ಮಾಂಸದ ಪ್ರೋಟೀನ್ ಒಡೆದು ಹುಟ್ಟುವ ಅಮೀನುಗಳೊಂದಿಗೆ ಕೂಡಿ ಅದು ಎನ್-ನೈಟ್ರೋಸೋ ಸಂಯುಕ್ತಗಳಾಗುತ್ತದೆ. ಅವುಗಳಲ್ಲಿ ಹಲವು ಕರುಳಿನ ಜೀವಕೋಶಗಳ ಡಿಎನ್‌ಎಗೆ ಹಾನಿ ಮಾಡಬಲ್ಲವು. ಕೆಂಪು ಮಾಂಸದಲ್ಲಿರುವ ಹೀಮ್ ಕಬ್ಬಿಣ ಈ ಕ್ರಿಯೆಯನ್ನು ಚುರುಕುಗೊಳಿಸುತ್ತದೆ.

2015ರ ಅಕ್ಟೋಬರಿನಲ್ಲಿ ವಿಶ್ವ ಆರೋಗ್ಯ ಸಂಸ್ಥೆಯ ಅಂತರರಾಷ್ಟ್ರೀಯ ಕ್ಯಾನ್ಸರ್ ಸಂಶೋಧನಾ ಸಂಸ್ಥೆ ಇದರ ಬಗ್ಗೆ ತೀರ್ಪು ಕೊಟ್ಟಿತು. 10 ದೇಶಗಳ 22 ತಜ್ಞರು 800ಕ್ಕೂ ಹೆಚ್ಚು ಅಧ್ಯಯನಗಳನ್ನು ಪರಿಶೀಲಿಸಿ, ಸಂಸ್ಕರಿಸಿದ ಮಾಂಸ ಮನುಷ್ಯರಲ್ಲಿ ಕ್ಯಾನ್ಸರ್ ತರುತ್ತದೆ ಎಂದು ಮೊದಲನೇ ಗುಂಪಿಗೆ ಸೇರಿಸಿದರು. ತಂಬಾಕು ಇರುವುದೂ ಅದೇ ಗುಂಪಿನಲ್ಲಿ. ಸಲಾಮಿ ತಿಂದರೆ ಬೀಡಿ ಸೇದಿದಷ್ಟೇ ಅಪಾಯ ಎಂಬ ಮಾತು ಆಗ ಹುಟ್ಟಿತು, ಈಗಲೂ ವಾಟ್ಸಾಪಿನಲ್ಲಿ ತಿರುಗುತ್ತಿದೆ. ಅದು ತಪ್ಪು. ಸಾಕ್ಷ್ಯ ಎಷ್ಟು ಗಟ್ಟಿ ಎಂಬುದನ್ನಷ್ಟೇ ಆ ಗುಂಪು ತಿಳಿಸುತ್ತದೆ, ಅಪಾಯ ಎಷ್ಟು ದೊಡ್ಡದು ಎಂಬುದನ್ನಲ್ಲ. ಜಗತ್ತಿನಲ್ಲಿ ವರ್ಷಕ್ಕೆ ತಂಬಾಕಿನಿಂದ ಸುಮಾರು 10 ಲಕ್ಷ ಕ್ಯಾನ್ಸರ್ ಸಾವುಗಳಾದರೆ, ಸಂಸ್ಕರಿಸಿದ ಮಾಂಸ ಹೆಚ್ಚಿರುವ ಆಹಾರದಿಂದ ಆಗುವ ಕ್ಯಾನ್ಸರ್ ಸಾವುಗಳು ಸುಮಾರು 34,000 ಎಂಬ ಅಂದಾಜನ್ನು ಆ ಸಂಸ್ಥೆಯೇ ಮುಂದಿಟ್ಟಿತ್ತು.

ದಿನಕ್ಕೆ 50 ಗ್ರಾಂನಂತೆ ದಿನವೂ ತಿಂದರೆ ದೊಡ್ಡ ಕರುಳಿನ ಕ್ಯಾನ್ಸರ್ ಅಪಾಯ ಶೇ. 18ರಷ್ಟು ಹೆಚ್ಚುತ್ತದೆ ಎಂಬುದು ಆ ವರದಿಯ ಮುಖ್ಯ ಅಂಕಿ. 50 ಗ್ರಾಂ ಎಂದರೆ ಒಂದೆರಡು ಸಾಸೇಜ್. ನೂರರಲ್ಲಿ 18 ಜನಕ್ಕೆ ಕ್ಯಾನ್ಸರ್ ಬರುತ್ತದೆ ಎಂದು ಇದರ ಅರ್ಥವಲ್ಲ. ಬ್ರಿಟನ್ನಿನ ಲೆಕ್ಕ ತೆಗೆದುಕೊಂಡರೆ, ಇಂಥ ಮಾಂಸವನ್ನು ಅತಿ ಕಡಿಮೆ ತಿನ್ನುವ ಸಾವಿರ ಜನರಲ್ಲಿ ಜೀವಮಾನದಲ್ಲಿ ಸುಮಾರು 56 ಮಂದಿಗೆ ಈ ಕ್ಯಾನ್ಸರ್ ಬಂದರೆ, ಅತಿ ಹೆಚ್ಚು ತಿನ್ನುವ ಸಾವಿರದಲ್ಲಿ ಸುಮಾರು 66 ಮಂದಿಗೆ ಬರುತ್ತದೆ. ಭಾರತದಲ್ಲಿ ಈ ಕ್ಯಾನ್ಸರಿನ ಪ್ರಮಾಣ ಪಾಶ್ಚಾತ್ಯ ದೇಶಗಳಿಗಿಂತ ಬಹಳ ಕಡಿಮೆ. ಆ ಅನುಕೂಲವನ್ನು ಕೈಯಾರೆ ಕಳೆದುಕೊಳ್ಳಬೇಕೇ ಎಂಬುದು ಯೋಚಿಸಬೇಕಾದ ವಿಷಯ.

ನಮ್ಮ ಊರುಗಳಿಗೆ ಕ್ಯಾನ್ಸರಿಗಿಂತ ಹತ್ತಿರದ ಚಿಂತೆಯೆಂದರೆ ಬಿಪಿ ಮತ್ತು ಶುಗರ್. ಶಿವಮೊಗ್ಗದ ಮೆಗ್ಗಾನ್ ಆಸ್ಪತ್ರೆಯಲ್ಲಾಗಲಿ ಬಡಾವಣೆಯ ಕ್ಲಿನಿಕ್ಕಿನಲ್ಲಾಗಲಿ ಈ ಎರಡರ ಮಾತ್ರೆಗೆಂದು ಬರುವವರು ಯಾರಿಗೂ ಹೊಸಬರಲ್ಲ. ಭಾರತೀಯ ವೈದ್ಯಕೀಯ ಸಂಶೋಧನಾ ಮಂಡಳಿಯ 2023ರ ಅಧ್ಯಯನದ ಪ್ರಕಾರ ದೇಶದ ವಯಸ್ಕರಲ್ಲಿ ಶೇ. 11.4 ಜನರಿಗೆ ಮಧುಮೇಹ, ಶೇ. 35.5 ಜನರಿಗೆ ಅಧಿಕ ರಕ್ತದೊತ್ತಡ ಇದೆ. 2024ರಲ್ಲಿ ಪ್ರಕಟವಾದ, 20 ದೇಶಗಳ ಸುಮಾರು 19.7 ಲಕ್ಷ ಜನರ ಮಾಹಿತಿ ಒಟ್ಟುಗೂಡಿಸಿದ ವಿಶ್ಲೇಷಣೆಯೊಂದು, ದಿನಕ್ಕೆ 50 ಗ್ರಾಂ ಸಂಸ್ಕರಿಸಿದ ಮಾಂಸ ತಿನ್ನುವವರಲ್ಲಿ ಎರಡನೇ ಬಗೆಯ ಮಧುಮೇಹದ ಅಪಾಯ ಶೇ. 15ರಷ್ಟು ಹೆಚ್ಚು ಎಂದು ಕಂಡುಕೊಂಡಿತು.

ಹೃದಯದ ವಿಷಯದಲ್ಲಿ ನಮಗೆ ಇನ್ನೂ ಹತ್ತಿರವಾದ ಅಧ್ಯಯನವಿದೆ. ಬೆಂಗಳೂರಿನ ಸೇಂಟ್ ಜಾನ್ಸ್ ಸಂಶೋಧನಾ ಸಂಸ್ಥೆಯೂ ಪಾಲ್ಗೊಂಡಿರುವ ‘ಪ್ಯೂರ್’ ಎಂಬ ಅಂತರರಾಷ್ಟ್ರೀಯ ಅಧ್ಯಯನ 21 ದೇಶಗಳ 1,34,297 ಜನರನ್ನು ವರ್ಷಗಳ ಕಾಲ ಗಮನಿಸಿತು. ಸಂಸ್ಕರಿಸದ ಕೆಂಪು ಮಾಂಸಕ್ಕಾಗಲಿ ಕೋಳಿಗಾಗಲಿ ಹೃದ್ರೋಗದೊಂದಿಗೆ ಸ್ಪಷ್ಟ ನಂಟು ಅದರಲ್ಲಿ ಕಾಣಲಿಲ್ಲ. ವಾರಕ್ಕೆ 150 ಗ್ರಾಂ ಅಥವಾ ಹೆಚ್ಚು ಸಂಸ್ಕರಿಸಿದ ಮಾಂಸ ತಿನ್ನುತ್ತಿದ್ದವರಲ್ಲಿ ಮಾತ್ರ, ತಿನ್ನದವರಿಗೆ ಹೋಲಿಸಿದರೆ, ಹೃದಯ ಮತ್ತು ರಕ್ತನಾಳದ ಕಾಯಿಲೆಯ ಅಪಾಯ ಶೇ. 46ರಷ್ಟು ಹೆಚ್ಚಿತ್ತು. 2021ರಲ್ಲಿ ಪ್ರಕಟವಾದ ಈ ಫಲಿತಾಂಶ ಮಲೆನಾಡಿನ ಮಾಂಸಾಹಾರಿಗಳು ಗಮನವಿಟ್ಟು ಕೇಳಬೇಕಾದದ್ದು. ಭಾನುವಾರದ ಕೋಳಿ ಸಾರಿಗೂ ಪೊಟ್ಟಣದ ಸಲಾಮಿಗೂ ಇರುವ ಅಂತರವನ್ನು ಅದು ಎತ್ತಿ ತೋರಿಸುತ್ತದೆ.

ಇದಕ್ಕೆ ವಿರುದ್ಧದ ದನಿಯೂ ಇದೆ. ಇಂಥ ಅಧ್ಯಯನಗಳೆಲ್ಲ ಜನರ ಅಭ್ಯಾಸವನ್ನು ಗಮನಿಸಿ ಹೇಳುವಂಥವು, ಸಾಕ್ಷ್ಯದ ಖಚಿತತೆ ಕಡಿಮೆ, ಹಾಗಾಗಿ ಯಾರೂ ಅಭ್ಯಾಸ ಬದಲಿಸಬೇಕಿಲ್ಲ ಎಂದು 2019ರಲ್ಲಿ ಸಂಶೋಧಕರ ತಂಡವೊಂದು ವಾದಿಸಿ ದೊಡ್ಡ ಗದ್ದಲವೇ ಆಯಿತು. ಸಾಕ್ಷ್ಯದ ಮಿತಿಯ ಬಗ್ಗೆ ಅವರು ಹೇಳಿದ್ದು ನಿಜ. ಆದರೆ ಬಿಟ್ಟರೆ ಏನೂ ನಷ್ಟವಿಲ್ಲದ ತಿಂಡಿಯ ಬಗ್ಗೆ ಎಚ್ಚರ ವಹಿಸಲು ಇಷ್ಟು ಸಾಕ್ಷ್ಯ ಧಾರಾಳ ಸಾಕು.

ಉಪ್ಪಿನ ಲೆಕ್ಕಕ್ಕಂತೂ ಯಾವ ವಾದವೂ ಬೇಕಿಲ್ಲ. ಒಬ್ಬ ವಯಸ್ಕನಿಗೆ ದಿನಕ್ಕೆ 5 ಗ್ರಾಂಗಿಂತ ಕಡಿಮೆ ಉಪ್ಪು, ಅಂದರೆ 2,000 ಮಿಲಿಗ್ರಾಂಗಿಂತ ಕಡಿಮೆ ಸೋಡಿಯಂ ಎಂದು ವಿಶ್ವ ಆರೋಗ್ಯ ಸಂಸ್ಥೆ ಹೇಳುತ್ತದೆ. ಭಾರತೀಯರು ಸರಾಸರಿ 8 ಗ್ರಾಂ ತಿನ್ನುತ್ತಿದ್ದಾರೆ. 100 ಗ್ರಾಂ ಸಾಸೇಜಿನಲ್ಲಿ ಸಾಮಾನ್ಯವಾಗಿ 700ರಿಂದ 1,000 ಮಿಲಿಗ್ರಾಂ ಸೋಡಿಯಂ ಇರುತ್ತದೆ. ಒಣ ಸಲಾಮಿಯಲ್ಲಿ ಇನ್ನೂ ಜಾಸ್ತಿ. ಬ್ರೆಡ್ಡಿನ ಉಪ್ಪು, ಕೆಚಪ್ಪಿನ ಉಪ್ಪು ಕೂಡಿಸಿದರೆ ಒಂದೇ ತಿಂಡಿಯಲ್ಲಿ ದಿನದ ಅರ್ಧಕ್ಕಿಂತ ಹೆಚ್ಚು ಮುಗಿಯಿತು. ಪ್ರೋಟೀನ್ ಸಿಗುತ್ತದಲ್ಲ ಎನ್ನುವವರಿಗೂ ಉತ್ತರವಿದೆ: ಬೇಯಿಸಿದ 100 ಗ್ರಾಂ ಕೋಳಿ ಮಾಂಸದಲ್ಲಿ 25ರಿಂದ 30 ಗ್ರಾಂ ಪ್ರೋಟೀನ್ ಇದ್ದರೆ ಸಾಸೇಜಿನಲ್ಲಿ ಹೆಚ್ಚುಕಡಿಮೆ ಅದರ ಅರ್ಧ. ಉಳಿದದ್ದು ಕೊಬ್ಬು, ನೀರು, ಪಿಷ್ಟ.

ಹಾಗಾದರೆ ಮಲೆನಾಡಿನ ಹಿರಿಯರು ತಿಂದದ್ದು? ಮಳೆಗಾಲಕ್ಕೆಂದು ಉಪ್ಪು, ಅರಿಶಿನ ಹಚ್ಚಿ ಒಲೆಯ ಮೇಲಿನ ಹೊಗೆಯಲ್ಲಿ ಒಣಗಿಸಿದ ಬಾಡು, ಸಂತೆಯಿಂದ ತಂದ ಒಣಮೀನು ಎಷ್ಟೋ ಮನೆಗಳ ಆಧಾರವಾಗಿದ್ದವು. ಪ್ರಾಮಾಣಿಕವಾಗಿ ಹೇಳಬೇಕೆಂದರೆ ಉಪ್ಪು ಹಾಕಿ ಹೊಗೆಯಲ್ಲಿ ಒಣಗಿಸಿದ ಬಾಡೂ ವ್ಯಾಖ್ಯಾನದಂತೆ ಸಂಸ್ಕರಿಸಿದ ಮಾಂಸವೇ. ಹೊಗೆಯಲ್ಲಿ ಕ್ಯಾನ್ಸರ್‌ಕಾರಕ ಅಂಶಗಳಿರುತ್ತವೆ. ದಕ್ಷಿಣ ಚೀನಾದ ಶೈಲಿಯ ಉಪ್ಪು ಮೀನನ್ನೂ ಅದೇ ಕ್ಯಾನ್ಸರ್ ಸಂಸ್ಥೆ ಮೊದಲನೇ ಗುಂಪಿನಲ್ಲಿಟ್ಟಿದೆ. ಮನೆಯದ್ದು, ಅಜ್ಜಿಯ ಕಾಲದ್ದು ಎಂಬ ಕಾರಣಕ್ಕೆ ವಿನಾಯಿತಿ ಸಿಗುವುದಿಲ್ಲ. ಅದನ್ನು ಕಾಪಾಡಿದ್ದು ಪ್ರಮಾಣ: ವರ್ಷದ ಕೆಲವೇ ತಿಂಗಳು, ಬಟ್ಟಲು ಅನ್ನಕ್ಕೆ ನಾಲ್ಕು ಚೂರು, ಅದೂ ನೀರಲ್ಲಿ ನೆನೆಸಿ ಉಪ್ಪು ತೆಗೆದು, ಹೊಲ ಗದ್ದೆಯಲ್ಲಿ ದಿನವಿಡೀ ದುಡಿದ ಮೈಗೆ.

ಭದ್ರಾವತಿಯ ಊಟದ ಚರಿತ್ರೆ ಇನ್ನೊಂದು ರೀತಿಯದು. ಬೆಂಕಿಪುರವೆಂಬ ಹಳ್ಳಿಯಾಗಿದ್ದ ಇಲ್ಲಿ 1923ರಲ್ಲಿ ಕಬ್ಬಿಣದ ಕಾರ್ಖಾನೆ ಶುರುವಾಗಿ, 1936ರಲ್ಲಿ ಕಾಗದದ ಕಾರ್ಖಾನೆಯೂ ಬಂದ ಮೇಲೆ ತಮಿಳು, ತೆಲುಗು, ಮಲಯಾಳ, ಉರ್ದು ಮನೆಮಾತಿನವರೂ ನೆಲೆಸಿದರು. ಬಿರಿಯಾನಿ, ಮೀನಿನ ಹುಳಿ, ಖೀಮಾ, ಮುದ್ದೆ ಬಾಡುಸಾರು ಎಲ್ಲ ಒಂದೇ ಬೀದಿಯಲ್ಲಿ ಬೆಂದವು. ಇಷ್ಟು ಬಗೆಯ ತಾಜಾ ಮಾಂಸದಡುಗೆ ಗೊತ್ತಿರುವ ಊರು ಡಬ್ಬಿಗೆ ಏನು ಹಾಕಲಿ ಎಂದು ಫ್ರೀಜರ್ ಕಡೆ ನೋಡುವುದು ಬೇಸರದ ಸಂಗತಿ.

ಸಂಜೆಯ ಕಬಾಬ್ ಗಾಡಿಗಳ ವಿಷಯವೇ ಬೇರೆ. ಅಲ್ಲಿ ಕರಿಯುವುದು ತಾಜಾ ಕೋಳಿ. ಹಾಗಾಗಿ ಕಬಾಬ್ ಸಂಸ್ಕರಿಸಿದ ಮಾಂಸವಲ್ಲ. ಅದರ ರೋಗ ಬಣ್ಣದ್ದು, ಮತ್ತೆ ಮತ್ತೆ ಕಾಯಿಸಿದ ಎಣ್ಣೆಯದ್ದು. ರಾಜ್ಯದ ಆಹಾರ ಸುರಕ್ಷತಾ ಇಲಾಖೆ 39 ಕಬಾಬ್ ಮಾದರಿಗಳನ್ನು ಪರೀಕ್ಷಿಸಿದಾಗ 8ರಲ್ಲಿ ಕೃತಕ ಬಣ್ಣ ಸಿಕ್ಕಿ, 2024ರ ಜೂನ್‌ನಲ್ಲಿ ಕೋಳಿ ಮತ್ತು ಮೀನಿನ ಕಬಾಬಿಗೆ ಬಣ್ಣ ಹಾಕುವುದನ್ನು ಸರ್ಕಾರ ನಿಷೇಧಿಸಿತು. ಬಣ್ಣ ಹಾಕದೆ ಕಣ್ಣೆದುರೇ ಹೊಸ ಎಣ್ಣೆಯಲ್ಲಿ ಕರಿದ ಕಬಾಬ್ ಒಂದು ತಟ್ಟೆ ಸಲಾಮಿಗಿಂತ ವಾಸಿ.

ಇನ್ನೊಂದು ಅಪಾಯ ತಣ್ಣಗೆ ತಿನ್ನುವುದರಲ್ಲಿದೆ. ಲಿಸ್ಟೀರಿಯಾ ಎಂಬ ಬ್ಯಾಕ್ಟೀರಿಯಾ ಫ್ರಿಜ್ಜಿನ ತಂಪಿನಲ್ಲೂ ಬೆಳೆಯುತ್ತದೆ. ದಕ್ಷಿಣ ಆಫ್ರಿಕಾದಲ್ಲಿ 2017–18ರಲ್ಲಿ ಪೋಲನಿ ಎಂಬ ಸಂಸ್ಕರಿಸಿದ ಮಾಂಸದಿಂದ ಹರಡಿದ ಈ ಸೋಂಕು ಸಾವಿರಕ್ಕೂ ಹೆಚ್ಚು ಜನರಿಗೆ ತಗುಲಿ 200ಕ್ಕೂ ಹೆಚ್ಚು ಮಂದಿ ಸತ್ತರು. ಅವರಲ್ಲಿ ಹಸುಗೂಸುಗಳು ಬಹಳ. 2024ರಲ್ಲಿ ಅಮೆರಿಕದಲ್ಲಿ ಬೋರ್ಸ್ ಹೆಡ್ ಕಂಪನಿಯ ಮಾಂಸದಿಂದ ಹರಡಿದ ಸೋಂಕಿಗೆ 10 ಜನ ಬಲಿಯಾದರು. ಮಳೆಗಾಲದಲ್ಲಿ ಕರೆಂಟು ಗಂಟೆಗಟ್ಟಲೆ ಹೋಗುವ ಮಲೆನಾಡಿನಲ್ಲಿ ಈ ಎಚ್ಚರ ಇನ್ನೂ ಹೆಚ್ಚು ಬೇಕು. ಕರಗಿ ಮತ್ತೆ ಗಟ್ಟಿಯಾದ ಪೊಟ್ಟಣ, ಒಳಗೆಲ್ಲ ಐಸಿನ ಹರಳು ತುಂಬಿದ ಪೊಟ್ಟಣ ಕಂಡರೆ ಮುಟ್ಟಬೇಡಿ. ಗರ್ಭಿಣಿಯರು, ವಯಸ್ಸಾದವರು ಸಾಸೇಜ್, ಸಲಾಮಿಯನ್ನು ಹಬೆಯಾಡುವಷ್ಟು ಬಿಸಿ ಮಾಡದೆ ತಿನ್ನಲೇಬಾರದು.

ಕೊಳ್ಳುವುದೇ ಆದರೆ ಪೊಟ್ಟಣದ ಹಿಂಬದಿ ಓದಬೇಕು. ಐಎನ್‌ಎಸ್ 249, 250 ಎಂದರೆ ನೈಟ್ರೈಟ್. 251, 252 ಎಂದರೆ ನೈಟ್ರೇಟ್. ಪಕ್ಕದಲ್ಲೇ 100 ಗ್ರಾಂಗೆ ಎಷ್ಟು ಸೋಡಿಯಂ ಎಂದಿರುತ್ತದೆ. ಅದನ್ನು ಎರಡೂವರೆಯಿಂದ ಗುಣಿಸಿದರೆ ಉಪ್ಪಿನ ಪ್ರಮಾಣ. ಸೆಲರಿ ಪುಡಿ ಹಾಕಿ ‘ನೈಸರ್ಗಿಕ’ ಎಂದು ಬರೆದದ್ದರಲ್ಲೂ ನೈಟ್ರೈಟ್ ಇದ್ದೇ ಇರುತ್ತದೆ. ನಗೆಟ್ ಮಾದರಿಯ ತಿಂಡಿಗಳಲ್ಲಿ ಕೆಲವಕ್ಕೆ ನೈಟ್ರೈಟ್ ಹಾಕಿರುವುದಿಲ್ಲ, ಆದರೆ ಉಪ್ಪು ಮತ್ತು ಎಣ್ಣೆಯ ಲೆಕ್ಕದಲ್ಲಿ ಅವೂ ನಿತ್ಯಕ್ಕೆ ತಕ್ಕವಲ್ಲ. ಹೈದರಾಬಾದಿನ ರಾಷ್ಟ್ರೀಯ ಪೋಷಣಾ ಸಂಸ್ಥೆ 2024ರ ಮೇ ತಿಂಗಳಲ್ಲಿ ಹೊರತಂದ ಮಾರ್ಗಸೂಚಿಯೂ ಅತಿ ಸಂಸ್ಕರಿತ ಆಹಾರವನ್ನು ಆದಷ್ಟು ಕಡಿಮೆ ಮಾಡಿ ಎಂದೇ ಹೇಳುತ್ತದೆ.

ಇದು ಮಾಂಸ ಬಿಡಿ ಎಂಬ ಉಪದೇಶವಲ್ಲ. ಐದನೇ ರಾಷ್ಟ್ರೀಯ ಕುಟುಂಬ ಆರೋಗ್ಯ ಸಮೀಕ್ಷೆಯ ಪ್ರಕಾರ ಕರ್ನಾಟಕದ 15ರಿಂದ 49 ವಯಸ್ಸಿನ ಮಹಿಳೆಯರಲ್ಲಿ ಶೇ. 47.8 ಮಂದಿಗೆ ರಕ್ತಹೀನತೆ ಇದೆ. ತಿನ್ನುವ ಮನೆಗಳಲ್ಲಿ ತಾಜಾ ಮಾಂಸ, ಮೀನು, ಮೊಟ್ಟೆ ಅವರ ತಟ್ಟೆಗೂ ಸರಿಯಾಗಿ ಬೀಳಬೇಕು. ಶಿವಮೊಗ್ಗದಲ್ಲೇ ಪಶುವೈದ್ಯಕೀಯ ಕಾಲೇಜು ಇದೆ, ಮಾಂಸ ತಂತ್ರಜ್ಞಾನ ಅಲ್ಲಿನ ಪಾಠದ ಭಾಗ. ಕಡಿಮೆ ಉಪ್ಪಿನಲ್ಲಿ ಮಾಂಸದ ತಿಂಡಿ ಮಾಡುವುದನ್ನು, ಪೊಟ್ಟಣ ಓದುವುದನ್ನು ಅದು ಊರಿನ ತಾಯಂದಿರಿಗೆ, ಸಣ್ಣ ಹೋಟೆಲಿನವರಿಗೆ ಕಲಿಸಿದರೆ ದೊಡ್ಡ ಉಪಕಾರವಾದೀತು.

ಪಿಜ್ಜಾದ ಮೇಲಿನ ನಾಲ್ಕು ಬಿಲ್ಲೆ ಪೆಪ್ಪೆರೋನಿ ತಿಂಗಳಿಗೊಮ್ಮೆ ಯಾರನ್ನೂ ಕೆಡಿಸುವುದಿಲ್ಲ. ಮಕ್ಕಳ ನಿತ್ಯದ ಡಬ್ಬಿಯಿಂದ ಮಾತ್ರ ಸಾಸೇಜನ್ನು ಹೊರಗಿಡಿ. ಭಾನುವಾರ ಕೋಳಿ ತರುವಾಗ ಮೂಳೆಯಿಲ್ಲದ ಕಾಲು ಕೆ.ಜಿ. ಹೆಚ್ಚಿಗೆ ತಂದು, ಮೆಣಸು, ಶುಂಠಿ, ನಿಂಬೆರಸ ಹಚ್ಚಿ ಫ್ರೀಜರ್‌ನಲ್ಲಿಡಿ. ಹಿಂದಿನ ರಾತ್ರಿ ಕೆಳಗಿನ ಖಾನೆಗೆ ಇಳಿಸಿದರೆ ಬೆಳಿಗ್ಗೆ ಹತ್ತು ನಿಮಿಷದಲ್ಲಿ ಬೇಯುತ್ತದೆ. ಅದೂ ಆಗದ ದಿನ ಒಂದು ಮೊಟ್ಟೆ ಬೇಯಿಸಿ ಹಾಕಿ. ಅದರಲ್ಲಿ 6 ಗ್ರಾಂ ಪ್ರೋಟೀನ್ ಇದೆ.